ಹಳೇ ಬಸ್ಸಿನ ಹಸಿವಿಗೆ ಡ್ರೈವರ್ ಹೊಣೆಯೇ?

ಇನ್ನೂ ಬೆಳಕು ಹರಿದಿಲ್ಲ. ಡಿಪೋದ ಪಂಪಿನ ಮುಂದೆ ಬಸ್ಸುಗಳು ಸಾಲುಗಟ್ಟಿವೆ. ಹಳೇ ಬಸ್ಸಿನ ಟ್ಯಾಂಕಿಗೆ ಪೈಪು ತೂರಿಸಿ, ಡಿಪೋದವರೆಲ್ಲ 'ಡೀಸೆಲಕ್ಕ' ಎಂದು ಕರೆಯುವ ಪಂಪಿನಾಕೆ ಗೊಣಗುತ್ತಿದ್ದಾರೆ: "ಕುಡಿಯಪ್ಪ, ಕುಡಿ. ಬೈಸ್ಕೊಳ್ಳೋಕೆ ನಿನ್ನ ಡ್ರೈವರ್ ಇದಾನಲ್ಲ!"

ಆ ಡ್ರೈವರನ ಫೋಟೋ ಎದುರಿನ ಗೋಡೆಯ ಮೇಲಿದೆ. ಕೆಳಗೆ ದಪ್ಪಕ್ಷರ: 'ಡೀಸೆಲ್ ಪೋಲು ಮಾಡುವವರು'. ಈ ತಿಂಗಳೂ ಮೈಲೇಜ್ ಬಾರದಿದ್ದರೆ ಕೆಲಸ ಹೋಗುತ್ತದೆ. ತಲೆ ನರೆಯುವವರೆಗೆ ಸ್ಟೀರಿಂಗ್ ಹಿಡಿದವನನ್ನು ಕಳ್ಳನಂತೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಥೂ!

ಬಸ್ಸು ತೊಳೆಯಲು ಸೇರಿದ ಡೀಸೆಲಕ್ಕ ಪಂಪಿಗೆ ಬಂದು ಎಷ್ಟೋ ವರ್ಷವಾಯಿತು. ಅಂಗೈ ಸಿಪ್ಪೆ ಏಳುತ್ತದೆ. ಗ್ಲೌಸ್ ಕೇಳಿದರೆ ಎಡಗೈಯದು ಮಾತ್ರ ಬಂತು.

ಅವರ ಅಕ್ಕನ ಮಗಳು ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ. ಒಂದು ಸಂಜೆ 'ಮಿಕ್ಸೆಡ್ ಎಫೆಕ್ಟ್ಸ್ ಮಾಡೆಲ್' ಎಂದು ಉರು ಹೊಡೆಯುತ್ತಿದ್ದಳು. "ಏನೇ ಅದು?" ಎಂದರು ಇವರು.

"ನಿಮ್ಮ ಡಿಪೋನೇ ತಗೋ ಚಿಕ್ಕಮ್ಮ. ಎಸಿ ಹಾಕಿದ್ರೆ ಒಟ್ಟಾರೆ ಎಲ್ಲಾ ಬಸ್ಸಿಗೂ ಇಷ್ಟು ಮೈಲೇಜ್ ಇಳಿಯುತ್ತೆ ಅನ್ನೋದು ಫಿಕ್ಸೆಡ್ ಎಫೆಕ್ಟ್. ಆ ಸರಾಸರಿಗಿಂತ ಒಂದೊಂದು ಬಸ್ಸು ಹೆಚ್ಚೋ ಕಮ್ಮಿನೋ ಇರುತ್ತಲ್ಲ, ಅದು ರ್‍ಯಾಂಡಮ್ ಎಫೆಕ್ಟ್. ಒಬ್ಬೊಬ್ಬ ಡ್ರೈವರ್‌ದೂ ಹಾಗೇ ಹೆಚ್ಚುಕಮ್ಮಿ ಇರುತ್ತೆ, ಆದ್ರೆ ಅದನ್ನ ಬಸ್ಸಿನದರ ಜೊತೆ ಸೇರಿಸದೆ ಬೇರೆ ಲೆಕ್ಕ ಹಾಕ್ಬೇಕು. ಫಿಕ್ಸೆಡ್, ರ್‍ಯಾಂಡಮ್ ಎರಡು ಥರದ್ದೂ ಸೇರಿದ್ರೆ ಮಿಕ್ಸೆಡ್."

"ನಮ್ಮಲ್ಲಿ ಒಬ್ಬನಿಗೆ ಒಂದೇ ಬಸ್ಸು ಕಣೇ. ಬಸ್ಸಿನ ಪಾಲೆಷ್ಟು, ಅವನ ಪಾಲೆಷ್ಟು ಅಂತ ಹೇಗೆ ಬಿಡಿಸ್ತೀಯ?"

"ಬಿಡಿಸೋಕಾಗಲ್ಲ. ಬಸ್ಸು ಬದಲಾಯಿಸಿ ಓಡಿಸ್ಬೇಕು."

ಮಾರನೇ ದಿನವೇ ಅವರು ಮ್ಯಾನೇಜರ್ ಮುಂದೆ ನಿಂತು ಅದನ್ನೇ ಕೇಳಿದರು. "ನೀನು ಪೈಪು ಹಿಡಿಯಮ್ಮ, ಲೆಕ್ಕ ನಮಗೆ ಬಿಡು" ಅಂದನಂತೆ. ಲೆಕ್ಕವಂತೆ! ಯಾವ ಲೆಕ್ಕ ಮಾಡಿದ್ದಾನೆ ಈ ಮಹಾರಾಯ?

ಅದೇ ಗೋಡೆಯಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ, 'ಮೈಲೇಜ್ ವೀರ' ಮಿಂಚುತ್ತಿದ್ದಾನೆ. ಹೊಸ ಬಸ್ಸಿನವನು. ಇವತ್ತು ಅವನೇ ಸಾಲಿನಲ್ಲಿ ಹಿಂದೆ ನಿಂತಿದ್ದಾನೆ.

"ತಮ್ಮಾ, ಒಂದು ವಾರ ಈ ಹಳೇದನ್ನ ಓಡ್ಸೋ."

"ಅಯ್ಯೋ ಬಿಡಕ್ಕಾ! ನನ್ನ ಫೋಟೋನೂ ಆ ಕಡೆ ನೇತಾಕಿಸ್ಬೇಕು ಅಂತಿದೀಯಾ?"

ಸಾಲಿಗೆ ಸಾಲೇ ಗೊಳ್ಳೆಂದು ನಗುತ್ತದೆ. ಡೀಸೆಲಕ್ಕ ನಗುವುದಿಲ್ಲ. "ಕೇಳಿಸ್ಕೊಂಡ್ರಾ? ವೀರನಿಗೂ ಗೊತ್ತು!"

ನಿಮಗೇನು ಬೇಕು ಎಂದರೆ ಪೈಪು ಕೊಡವಿ ಹೇಳುತ್ತಾರೆ: "ಬಸ್ಸು ಅದಲುಬದಲು ಮಾಡಿ ಓಡಿಸ್ಲಿ, ಅಷ್ಟೇ. ಆಮೇಲೂ ತಪ್ಪು ಅವನದೇ ಅಂತ ಬಂದ್ರೆ, ಮೊಳೆ ನಾನೇ ಹೊಡೀತೀನಿ."