ಗೊತ್ತಿದ್ದೂ ಆಡಿಸಿದ ಪಂದ್ಯ

ಮುನವಳ್ಳಿಯ ನಮ್ಮ ಶಾಲೆಗೆ ಬೆಳಗಾವಿಯಿಂದ ಬಂದ ದೈಹಿಕ ಶಿಕ್ಷಕರೊಬ್ಬರು ನನಗೆ ಫುಟ್ಬಾಲ್ ಕಲಿಸಿದರು. ಬೇಸಿಗೆಯಲ್ಲಿ ಹೊಳೆಯ ನೀರು ಸರಿದು ಬಯಲಾಗುತ್ತಿದ್ದ ನೆಲವೇ ನಮ್ಮ ಮೈದಾನ. ಅಪ್ಪನದು ಟೇಲರ್ ಅಂಗಡಿ. ನನ್ನ ಮೊದಲ ಆಟದ ಚಡ್ಡಿ ಹೊಲಿದವನು ಅವನೇ. "ಓಡಾಕ ಬರ್ತೈತಿಲ್ಲೋ ನೋಡವಾ" ಅಂದು ಅಂಗಡಿಯ ಮುಂದೆಯೇ ನನ್ನನ್ನು ಓಡಿಸಿ ನೋಡಿದ್ದ. ಮುಂದೆ ಬೆಳಗಾವಿಯ ಕ್ರೀಡಾ ಹಾಸ್ಟೆಲ್ ಸೇರಿದೆ. ಇಪ್ಪತ್ತು ತುಂಬುವ ಹೊತ್ತಿಗೆ ಗೋವಾದ ಒಂದು ಕ್ಲಬ್ಬು ಕರೆಯಿತು. ಆಡುವುದೇ ನನ್ನ ಉದ್ಯೋಗವಾಯಿತು.

ಮೊಣಕಾಲು ಮೊದಲ ಸಲ ಹೋದದ್ದು ಎರಡನೇ ವರ್ಷ. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಚೆಂಡಿನ ಜೊತೆ ಎಡಕ್ಕೆ ತಿರುಗಿದೆ, ಒಳಗೆ ಹಸಿ ಕಬ್ಬು ಮುರಿದಂಥ ಸದ್ದಾಯಿತು. ಲಿಗಮೆಂಟ್ ಹರಿದಿದೆ ಅಂದರು. ಆಪರೇಷನ್ ಆಯಿತು. ಒಂಬತ್ತು ತಿಂಗಳು ಗೋಡೆ ಹಿಡಿದು ಕಾಲು ಮಡಚುವುದನ್ನು, ನಿಲ್ಲುವುದನ್ನು ಕಲಿತೆ. ಮರಳಿ ಬಂದು ಹನ್ನೊಂದು ಪಂದ್ಯ ಆಡಿದೆ. ಕೊನೆಯ ನಾಲ್ಕರಲ್ಲಿ ಮೊಣಕಾಲು ಬಾತಿತ್ತು. ಕೋಚ್ ಕೇಳಿದಾಗಲೆಲ್ಲ ಆರಾಮಿದ್ದೇನೆ ಅಂದೆ. ನನ್ನ ಜಾಗಕ್ಕೆ ಇನ್ನೊಬ್ಬಳು ಬಂದರೆ ಅದು ಮತ್ತೆ ಸಿಗುವುದಿಲ್ಲ ಎಂಬ ಹೆದರಿಕೆ. ಹನ್ನೊಂದನೆಯ ಪಂದ್ಯದಲ್ಲಿ ಅದೇ ಕಾಲು, ಅದೇ ಸದ್ದು. ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಇನ್ನು ಈ ಕಾಲು ನಡೆಯುವುದಕ್ಕೆ ಇರಲಿ ಅಂದರು.

ಒಂದು ವರ್ಷ ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತೆ. ಬಂದವರು "ಯಾವಾಗ ಹೋಗ್ತಿ ಗೋವಾಕ್ಕ?" ಅಂತ ಕೇಳಿದರೆ ಅಪ್ಪನೇ ಏನೋ ಒಂದು ಹೇಳಿ ಮಾತು ಮುಗಿಸುತ್ತಿದ್ದ. ಆಗ ನನಗೆ ಫುಟ್ಬಾಲ್ ಕಲಿಸಿದ ಆ ಸರ್ ಸವದತ್ತಿಯ ಹೈಸ್ಕೂಲಿಗೆ ವರ್ಗವಾಗಿದ್ದರು. ಒಂದು ದಿನ ಅಂಗಡಿಗೇ ಬಂದರು. "ಹುಡುಗ್ಯಾರ ಟೀಮ್ ಕಟ್ಟೇನಿ. ನನ್ನ ಕೈಲೆ ಆಗವಲ್ದು. ನೀ ಬಾ" ಅಂದರು. ಹೋದೆ.

ನಾನು ಒಳ್ಳೆಯ ಕೋಚ್ ಆಗಿರಲಿಲ್ಲ. ಎರಡು ಕಾಲೂ ಗಟ್ಟಿ ಇದ್ದ ಆ ಹುಡುಗಿಯರು ಆಟದ ನಡುವೆ ನಿಂತು ಉಸಿರು ತಗೊಂಡರೂ ನನಗೆ ಸಿಟ್ಟು ಬರುತ್ತಿತ್ತು. ಅವರಲ್ಲಿ ಒಬ್ಬಳು ಹೂಲಿಯವಳು, ಒಂಬತ್ತನೇ ಕ್ಲಾಸು, ಡಿಫೆನ್ಸ್ ಆಡುತ್ತಿದ್ದಳು. ಅವಳನ್ನು ದಾಟಿ ಚೆಂಡು ಹೋಗುವುದು ಅಪರೂಪ. ಕಿತ್ತೂರಿನಲ್ಲಿ ಸೆಮಿಫೈನಲ್ ಇದ್ದ ದಿನ ಬೂಟು ಕಟ್ಟಿಕೊಳ್ಳುತ್ತ ಮೆಲ್ಲಗೆ ಅಂದಳು: "ಅಕ್ಕಾರ, ಮೊಣಕಾಲು ಹಿಡ್ಕೊಂಡಂಗ ಆಗೈತ್ರಿ."

ಮುಟ್ಟಿ ನೋಡಿದೆ. ಬಿಸಿಯಿತ್ತು, ತುಸು ಬಾವೂ ಇತ್ತು. ಏನೆಂದು ಕೈಗೆ ತಿಳಿಯಿತು. ಆದರೂ ಅಂದೆ: "ಏನೂ ಆಗಂಗಿಲ್ಲ. ನಾ ಇದಕಿಂತ ಹೆಚ್ಚಿಗಿ ಬಾತ ಕಾಲಾಗ ಆಡೇನಿ. ಹೋಗು."

ದ್ವಿತೀಯಾರ್ಧದಲ್ಲಿ ಬಿದ್ದಳು. ಉಳಿದವರು ಅವಳ ಹತ್ತಿರ ಓಡಿದರು. ನನಗೆ ಹಾಗೆ ಓಡಲು ಬರಲಿಲ್ಲ, ಬಿರಬಿರನೆ ನಡೆದು ಹೋದೆ. ಅಷ್ಟು ದೂರದ ನಡಿಗೆಯನ್ನು ನಾನು ಮತ್ತೆಂದೂ ನಡೆದಿಲ್ಲ. ಬೈಲಹೊಂಗಲದ ಎಲುಬಿನ ಡಾಕ್ಟರು ಲಿಗಮೆಂಟ್ ಉಳಿದಿದೆ, ಎಲುಬುಗಳ ನಡುವಿನ ಮೆತ್ತನೆಯ ಗಾದಿ ಹರಿದಿದೆ, ಆರು ತಿಂಗಳು ಆಟ ಬೇಡ ಅಂದರು.

ನಾಲ್ಕು ದಿನ ಬಿಟ್ಟು ಹೂಲಿಗೆ ಹೋದೆ. ಅವರವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. "ಬರ್ರಿ ಅಕ್ಕಾರ, ಕುಂತ್ಗೋರಿ" ಅಂದು ಚಹಾ ಇಡಲು ಎದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹುಡುಗಿ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಳು. ನನ್ನನ್ನು ನೋಡಿ ಕೇಳಿದಳು:

"ನಿಮಗೂ ಹಿಂಗ ಆಗಿತ್ತಲ್ರಿ. ಕಾಲು ಮುಟ್ಟಿ ನೋಡಿದಾಗ ನಿಮಗ ಗೊತ್ತಾಗಿದ್ದಿಲ್ಲೇನ್ರಿ?"

"ಗೊತ್ತಾಗಿತ್ತು" ಅಂದೆ.

 ಚಹಾ ತಂದ ಅವರವ್ವ ಆ ಮಾತು ಕೇಳಿಸಿಕೊಂಡಿದ್ದಳು. ಕಪ್ಪು ನನ್ನ ಮುಂದೆ ಇಟ್ಟು, "ತಪ್ಪ ಆಗ್ತಾವ್ರಿ. ಆದ್ರ ಕೂಸು ನಿಮ್ಮ ಮಾತ ಕೇಳಿ ಆಡೇತ್ರಿ" ಅಂದಳು. ಅಷ್ಟೇ. ಆ ಚಹಾ ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ವಾರಕ್ಕೆರಡು ಸಲ ಬಸ್ಸು ಹಿಡಿದು ಹೂಲಿಗೆ ಹೋಗತೊಡಗಿದೆ. ಅವಳಿಗೆ ಗೋಡೆ ಹಿಡಿದು ಮಾಡುವ ವ್ಯಾಯಾಮ ಹೇಳಿಕೊಟ್ಟೆ. ನಾನೂ ಪಕ್ಕದಲ್ಲಿ ನಿಂತು ಮಾಡಿದೆ, ಎಂದೋ ಕೈಬಿಟ್ಟಿದ್ದ ಅವೇ ವ್ಯಾಯಾಮ. ಮೊದಲ ತಿಂಗಳು ಅವಳು ಎಣಿಕೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮಾತು ಶುರುವಾದ ಮೇಲೂ ಆಟದ ಸುದ್ದಿ ತೆಗೆಯಲಿಲ್ಲ. ಆರು ತಿಂಗಳಿಗೆ ಕಾಲು ಸರಿಹೋಯಿತು, ಅವಳು ಮಾತ್ರ ಟೀಮಿಗೆ ಮರಳಲಿಲ್ಲ. "ಮನಸ್ಸಾಗವಲ್ದ್ರಿ" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಆ ಹಕ್ಕು ನನಗಿರಲಿಲ್ಲ.

ಈಗ ಏಳು ವರ್ಷವಾಯಿತು. ಕೋಚಿಂಗ್ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡಿದ್ದೇನೆ. ನೋವು ಅಂದವಳನ್ನು ಎರಡನೇ ಪ್ರಶ್ನೆ ಕೇಳದೆ ಹೊರಗೆ ಕೂಡಿಸುತ್ತೇನೆ. ಸುಳ್ಳು ನೆಪ ಹೇಳುವವರೂ ಇದ್ದಾರೆ, ಇರಲಿ. ಹೋದ ವರ್ಷ ರಾಮದುರ್ಗದಲ್ಲಿ ಒಳ್ಳೆಯ ಫಾರ್ವರ್ಡ್ ಒಬ್ಬಳನ್ನು ಹೀಗೆಯೇ ಕೂಡಿಸಿ ಫೈನಲ್ ಸೋತೆವು. ಸುರೇಬಾನದಿಂದ ನೋಡಲು ಬಂದಿದ್ದ ಅವಳಪ್ಪ ಮೈದಾನದಲ್ಲೇ ಕೂಗಾಡಿದ: "ಆಡ್ತೇನಿ ಅನ್ನಾಕತ್ತಾಳಲ್ರಿ! ನೀವ್ಯಾಕ ಬಿಡವಲ್ರಿ?"

"ಆಡ್ತೇನಿ ಅಂತನ ಅಂತಾರ್ರಿ ಎಲ್ಲಾರೂ" ಅಂದೆ. ಅವನಿಗೆ ಸಮಾಧಾನವಾಗಲಿಲ್ಲ. ಮಗಳು ಬಸ್ಸಿನಲ್ಲಿ ಸವದತ್ತಿಯವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನಾನು ಪಕ್ಕದ ಸೀಟಿನಲ್ಲಿ ಅವಳ ಕಾಲಿನ ಮೇಲೆ ಐಸಿನ ಚೀಲ ಹಿಡಿದು ಕೂತಿದ್ದೆ.