ಮಾವನ ಮದ್ದಿನ ಅಳತೆ

ಗಣೇಶನ ಹಬ್ಬದ ಮಾರನೆಯ ದಿನ ಎದುರು ಮನೆಯವರು ಪಟಾಕಿ ಸರ ಹಚ್ಚಿದರು. ನಾನು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದೆ. ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಸುಟ್ಟ ಮದ್ದಿನ ವಾಸನೆ... ಊರಿಗೆಲ್ಲ ಅದು ಹಬ್ಬದ ವಾಸನೆ. ನನಗೆ ಮಾತ್ರ ಅದು ಪಕ್ಕದ ಮನೆಯ ಮಾವನ ವಾಸನೆ. ಸೊಪ್ಪು ಅಲ್ಲೇ ಬಿಟ್ಟು ಎದ್ದೆ.

ಸ್ವಂತ ಮಾವನಲ್ಲ. ಮದುವೆಯಾಗಿ ತೊಂಡೇಬಾವಿ ಪಕ್ಕದ ಈ ಊರಿಗೆ ಬಂದಾಗ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅದಕ್ಕೇ ಅವರು ಮಾವ, ಅವರ ಹೆಂಡತಿ ಅತ್ತೆ. ಮನೆಮಾತು ತೆಲುಗು, ನನ್ನ ಹತ್ತಿರ ಮಾತ್ರ ಕನ್ನಡ. ಗುಡ್ಡದ ಬುಡದಲ್ಲಿ ಅವರಿಗೆ ಕಡಲೆಕಾಯಿ ಹೊಲವಿತ್ತು. ಹೊತ್ತು ಮುಳುಗುವ ಸಮಯಕ್ಕೆ ಕಾಡುಹಂದಿಗಳು ಇಳಿಯುತ್ತಿದ್ದವು. ಅವನ್ನು ಬೆದರಿಸಿ ಓಡಿಸಲು ಲೈಸೆನ್ಸಿದ್ದ ಒಂದು ಹಳೇ ತುಪಾಕಿ ಇಟ್ಟುಕೊಂಡಿದ್ದರು. ಅದಕ್ಕೆ ಹಾಕುವ ತೋಟಾಗಳು ಸುಲಭಕ್ಕೆ ಸಿಗುತ್ತಿರಲಿಲ್ಲ. ಹೊಡೆದು ಖಾಲಿಯಾದವನ್ನೇ ತಂದು, ಪಡಸಾಲೆಯಲ್ಲಿ ಕೂತು ಮತ್ತೆ ಮದ್ದು ತುಂಬುತ್ತಿದ್ದರು.

ಆ ಕೆಲಸ ನೋಡಬೇಕಿತ್ತು ನೀವು! ಬೆರಳುದ್ದದ ಹಿತ್ತಾಳೆ ಕೊಳವೆ, ಅದರೊಳಗೆ ಮೇಲೆ ಕೆಳಗೆ ಜರುಗುವ ಕಡ್ಡಿ, ಕಡ್ಡಿಯ ಮೇಲೆ ಅರದಲ್ಲಿ ಗೀಚಿದ ಗೆರೆಗಳು. ಯಾವ ಗೆರೆಗೆ ನಿಲ್ಲಿಸಿದರೆ ಎಷ್ಟು ಮದ್ದು ಅನ್ನೋದು ಅವರೊಬ್ಬರಿಗೇ ಗೊತ್ತು. ಮದ್ದನ್ನು ಮೆಲ್ಲಗೆ ಸುರಿದು, ಹಳೇ ಲಗ್ನಪತ್ರಿಕೆಯ ತುಂಡಿನಿಂದ ಕೊಳವೆಯ ಬಾಯಿ ಮಟ್ಟಕ್ಕೆ ಸವರಿ, 'ಚಾಲು' ಅನ್ನುತ್ತಿದ್ದರು. ಸಾಕು ಅಂತ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಸುತ್ತಲ ಊರಿನಲ್ಲಿ ಅಳತೆ ಅಂದರೆ ಅವರದೇ ಅಂತ ಹೆಸರಿತ್ತು. ಅದರ ಬಗ್ಗೆ ಅವರಿಗೆ ಒಳಗೊಳಗೇ ಜಂಬವೂ ಇತ್ತು.

ಆ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಇನ್ನೂ ಒಂದು ತಿಂಗಳಿತ್ತು. ಹಂದಿಗಳು ಅಲ್ಲಿಯವರೆಗೆ ಕಾಯುತ್ತವೆಯೇ? ಮಾವ ನನ್ನನ್ನು ಕರೆದರು. ಗೆರೆಯನ್ನು ಉಗುರಿನಿಂದ ತಡವಿ ತಡವಿ ಕಡ್ಡಿ ನಿಲ್ಲಿಸಿದರು. ನಾನೂ ನೋಡಿದೆ, ಯಾವಾಗಲೂ ಇಡುವ ಗೆರೆಗೇ ಸರಿಯಾಗಿ ನಿಂತಿತ್ತು. ಒಂದು ತೋಟಾ ತುಂಬಿ ತೋರಿಸಿ, ಹಸುವಿಗೆ ನೀರು ಕುಡಿಸಲು ಹಿತ್ತಲಿಗೆ ಹೋದರು. ಮಿಕ್ಕವನ್ನು ನಾನೇ ತುಂಬಿದೆ.

ನಾಲ್ಕನೆಯ ಸಂಜೆ ಹೊಲದ ಕಡೆಯಿಂದ ಬಂದ ಸದ್ದು ಎಂದಿನ ಸದ್ದಲ್ಲ. ತುಪಾಕಿಯ ಹಿಂಭಾಗವೇ ಸಿಡಿದಿತ್ತು. ಮಾವನ ಬಲಗೈಗೆ ಟವೆಲ್ ಸುತ್ತಿ ಗೌರಿಬಿದನೂರಿಗೆ ಕರೆದುಕೊಂಡು ಹೋದರು, ಅಲ್ಲಿಂದ ಬೆಂಗಳೂರಿಗೆ. ಹೆಬ್ಬೆರಳು, ಪಕ್ಕದ ಎರಡು ಬೆರಳು ಉಳಿಯಲಿಲ್ಲ.

ನಾನೂ ಎಲ್ಲರಂತೆ ತುಪಾಕಿ ಹಳೇದಾಗಿತ್ತು ಅಂದುಕೊಂಡೆ. ಆಗ ನಾನು ಮನೆಯ ಮುಂದೆಯೇ ರಾಗಿ, ಕಾಳುಕಡ್ಡಿ ಮಾರುತ್ತಿದ್ದೆ. ಒಂದು ವಾರದ ಮೇಲೆ ಯಾರೋ ರಾಗಿಗೆ ಬಂದರು. ಸೇರು ತುಂಬಿದೆ. ಕೈ ತಾನಾಗೇ ಸೇರನ್ನು ನೆಲಕ್ಕೆ ಎರಡು ಸಲ ಕುಟ್ಟಿತು. ರಾಗಿ ಕೆಳಗಿಳಿಯಿತು, ಮೇಲೆ ಇನ್ನೊಂದು ಹಿಡಿ ಹಾಕಿದೆ, ಕೊಸರು ಅಂತ. ನಮ್ಮ ಕಡೆ ಕುಟ್ಟದೆ, ಕೊಸರಿಲ್ಲದೆ ಅಳೆದುಕೊಟ್ಟರೆ ಗಿರಾಕಿ ಮುಖ ನೋಡುವುದಿಲ್ಲ.

ಆಗ ಹೊಳೆಯಿತು. ಆ ಹಿತ್ತಾಳೆ ಕೊಳವೆಯನ್ನೂ ಹಾಗೇ ಕುಟ್ಟಿದ್ದೆ. ಪ್ರತಿ ಸಲವೂ. ನಮ್ಮ ಮಾವನಿಗೆ ಕಡಿಮೆ ಆಗಬಾರದು ಅಂತ, ಕುಟ್ಟಿ, ಮೇಲೆ ಇಷ್ಟು ಹಾಕಿ, ಆಮೇಲೆ ಒತ್ತಿ ಸವರಿದ್ದೆ. ಗೆರೆ ಅದೇ, ಒಳಗಿನ ಮದ್ದು ಮಾತ್ರ ಹೆಚ್ಚು. ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ...

ಪೊಲೀಸರು ಬಂದು ತುಪಾಕಿ, ತೋಟಾ ಎಲ್ಲ ತೆಗೆದುಕೊಂಡು ಹೋದರು. ತುಂಬಿದವರು ಯಾರು ಅಂದದ್ದಕ್ಕೆ ಮಾವ 'ನಾನೇ' ಅಂದರಂತೆ. ನನ್ನ ಸುದ್ದಿಯೇ ಎತ್ತಲಿಲ್ಲ. ಹೊಲವನ್ನು ಬೆಳೆಯಲ್ಲಿ ಪಾಲಿನ ಮೇಲೆ ಬೇರೆಯವರಿಗೆ ವಾರಕ್ಕೆ ಕೊಟ್ಟರು. ಮದುವೆ ಮನೆಗಳಿಗೆ ಹೋಗುವುದು ನಿಂತಿತು, ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣಬೇಕಲ್ಲ. ಅದನ್ನೆಲ್ಲ ಹೇಗೋ ನುಂಗಿಕೊಂಡರು. ಆ ಕೊಳವೆಯನ್ನು ಮಾತ್ರ ಬಿಡಲಿಲ್ಲ. ಜಗಲಿ ಮೇಲೆ ಕೂತು ಎಡಗೈಯಲ್ಲಿ ಅದಕ್ಕೆ ಮರಳು ತುಂಬೋದು, ಸವರೋದು, ಸುರಿಯೋದು. ಒಂದು ದಿನ ನನ್ನನ್ನು ಕರೆದು ಕೇಳಿದರು.

"ಅವತ್ತು ಗೆರೆ ಎಲ್ಲಿತ್ತಮ್ಮ? ನೀನ್ ನೋಡಿದ್ಯಲ್ಲ?"

ನಿಜ ನಾಲಿಗೆ ತುದಿಗೆ ಬಂದಿತ್ತು. ಸರಿಯಾಗೇ ಇತ್ತು ಅಂದರೆ, ಮತ್ತೆ ತಪ್ಪಿದ್ದು ಯಾರು ಅಂತ ಬರುತ್ತದೆ.

"ನೋಡ್ಲಿಲ್ಲ ಮಾವ," ಅಂದೆ.

"ಹಂಗಾದ್ರೆ ನಾನೇ ತಪ್ಪಿದ್ದೀನಿ ಕಣಮ್ಮ," ಅಂದರು. ಅಷ್ಟೇ. ಆಮೇಲೆ ಅವರು ತಮ್ಮನ್ನು ತಾವೇ ನಂಬುವುದನ್ನು ಬಿಟ್ಟರು. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗಲೂ ಅತ್ತೆಯನ್ನು ಕೇಳುತ್ತಿದ್ದರು, ಸರಿಯಾಗಿದೆಯಾ ಅಂತ. ಒಂದೇ ಒಂದು ಮಾತು ಸಾಕಿತ್ತು. ಎಂಟು ವರ್ಷ, ದಿನಾ ಆ ಜಗಲಿಯ ಮುಂದೆಯೇ ನೀರಿಗೆ ಹೋದೆ, ಬಂದೆ. ಹೇಡಿ ನಾನು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎಲ್ಲರಿಗಿಂತ ಜೋರಾಗಿ ಅತ್ತವಳು ನಾನೇ.

ಪಟಾಕಿ ಹೊಗೆ ಮನೆಯಿಂದ ಹೋಗುವ ಮುಂಚೆಯೇ ಅತ್ತೆಯ ಮನೆಗೆ ಹೋದೆ. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ, ಕುಟ್ಟಿದ್ದು, ಕೊಸರು ಹಾಕಿದ್ದು, ಸುಳ್ಳು ಹೇಳಿದ್ದು. ಬೈಯಲಿ, ಹೊಡೆಯಲಿ ಅಂತ ಕಾದೆ. ಅತ್ತೆ ಮೊರವನ್ನು ನೆಲಕ್ಕಿಟ್ಟರು.

"ಕೈ ಹೋಗಿದ್ದು ಹೋಯ್ತು ಬಿಡಮ್ಮ," ಅಂದರು. "ಸಾಯೋ ಹಿಂದಿನ ದಿನಾನೂ ಕೇಳಿದ್ರು, ಗೆರೆ ನಾನೇ ತಪ್ಪು ಇಟ್ನೇನೇ ಅಂತ. ಕೇಳಿ ಕೇಳಿ ಸಾಕಾಗಿತ್ತು ನಂಗೆ. 'ಹೂಂ, ನೀವೇ' ಅಂದ್ಬಿಟ್ಟೆ."

ಅಕ್ಕಿಯನ್ನು ಹಾಗೇ ಬಿಟ್ಟು ಒಳಗೆ ಹೋದರು. ನನ್ನನ್ನು ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಗೆರೆ ಸರಿಯಾಗೇ ಇತ್ತು ಮಾವ. ಇದನ್ನು ಕೇಳಬೇಕಾಗಿದ್ದವರು ನೀವೊಬ್ಬರೇ.