ಇಗರ್ಜಿಯಲ್ಲಿ ನನ್ನ ಲೋಭ

ಘಣಸೋಲಿಯ ನಮ್ಮ ಹೋಟೆಲಿಗೆ ದಿನಾ ಮಧ್ಯಾಹ್ನ ದೋಸೆ ತಿನ್ನಲು ಬರುತ್ತಿದ್ದ ಮರಾಠಿ ಹುಡುಗಿ ಶಿಲ್ಪಿಯೆಂದು ನನಗೆ ಗೊತ್ತಾದದ್ದು, ಅವಳು ನನ್ನ ಮುಖದ ಅಚ್ಚು ಬೇಕೆಂದು ಕೇಳಿದ ದಿನ. ಮನುಷ್ಯ ಸ್ವಭಾವಗಳನ್ನು ತೋರಿಸುವ ತಲೆಗಳನ್ನು ಮಾಡಿ ಠಾಣೆ ನಗರದ ಹಳೆಯ ಇಗರ್ಜಿಯೊಂದರಲ್ಲಿ ಇಡುತ್ತಾಳಂತೆ. ಅರವತ್ತು ವರ್ಷ ಯಾರಿಗೂ ಬೇಕಾಗದಿದ್ದ ಮುಖ, ಒಪ್ಪಿದೆ. ಮಹಾಪೆಯ ಅವಳ ಶೆಡ್ಡಿನಲ್ಲಿ ನನ್ನನ್ನು ಮಲಗಿಸಿ, ಉಸಿರಾಡಲು ಮೂಗಿಗೆ ನಮ್ಮದೇ ಹೋಟೆಲಿನ ಎರಡು ಸ್ಟ್ರಾ ಸಿಕ್ಕಿಸಿ, ಪ್ಲಾಸ್ಟರ್ ಮೆತ್ತಿದಳು. ಉಳಿದ ಪ್ಲಾಸ್ಟರ್ ಅಡುಗೆಮನೆಯ ಬಿರುಕಿಗೆ ಆಗುತ್ತದೆಂದು ಕೇಳಿ ತಂದೆ. ಸ್ಟ್ರಾಗಳನ್ನೂ ತೊಳೆದು ಡಬ್ಬಿಗೆ ಹಾಕಹೊರಟಾಗ ಹೆಂಡತಿ ಕಸಿದುಕೊಂಡು ಎಸೆದಳು.

ಪ್ರದರ್ಶನದ ದಿನ ಹೋಟೆಲಿಗೆ ಬಾಗಿಲು ಹಾಕಿ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯಾದರೂ ಅವಳು ನನ್ನ ಬಗ್ಗೆ ಹೆಮ್ಮೆಪಡಲಿ ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಇಗರ್ಜಿಯ ಬೆಂಚುಗಳ ಮೇಲೆ ತಲೆಗಳು ಪ್ರಾರ್ಥನೆಗೆ ಬಂದವರಂತೆ ಸಾಲಾಗಿ ಕೂತಿದ್ದವು. ಪ್ರತಿಯೊಂದರ ಕೆಳಗೂ ಮರಾಠಿಯಲ್ಲಿ ಒಂದು ಚೀಟಿ. ಒಬ್ಬ ರಿಕ್ಷಾದವನ ಕೆಳಗೆ ‘ರಾಗ’ ಎಂದಿತ್ತು. ಅವನೇನು ಹಾಡುವವನಲ್ಲ; ಮರಾಠಿಯಲ್ಲಿ ರಾಗವೆಂದರೆ ಸಿಟ್ಟು ಎಂದು ಗಿರಾಕಿಗಳೇ ನನಗೆ ಕಲಿಸಿದ್ದರು. ಅವನ ಪಕ್ಕ ನಾನು. ನನ್ನ ಕೆಳಗೆ ‘ಲೋಭ’.

“ಕರೆಕ್ಟ್ ಉಂಟು,” ಎಂದಳು ಹೆಂಡತಿ, ಒಂದು ಗಳಿಗೆಯೂ ತಡಮಾಡದೆ. “ಪೇಪರ್ ನ್ಯಾಪ್ಕಿನ್ ಎರಡು ತುಂಡು ಮಾಡಿ ಇಡುವವರು ಬೇರೆ ಯಾರಿದ್ದಾರೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿಯನ್ನು ಹುಡುಕಿ ಹಿಡಿದು, ನನ್ನ ತಲೆ ನನಗೆ ವಾಪಸ್ ಕೊಡು ಎಂದು ಹರಕು ಹಿಂದಿಯಲ್ಲಿ ಜಗಳಕ್ಕೆ ನಿಂತೆ.

ಅವಳು ಕಕ್ಕಾಬಿಕ್ಕಿಯಾದಳು. “ಅಂಕಲ್, ಮರಾಠೀತ ಲೋಭ ಮ್ಹಣಜೆ ಪ್ರೇಮ,” ಎಂದಳು. ಹಳೆಯ ಕಾಗದಗಳ ಕೊನೆಯಲ್ಲಿ ‘ಲೋಭವಿರಲಿ’ ಎಂದು ಬರೆಯುವ ಪದ್ಧತಿಯಂತೆ. ಸಾಕು ಎಂದರೂ ಬಿಡದೆ ಇನ್ನೊಂದು ದೋಸೆ ತಿನ್ನು ಎನ್ನುತ್ತೇನಲ್ಲ, ಅದಕ್ಕೇ ನನ್ನನ್ನು ಆರಿಸಿದಳಂತೆ. ಅದು ವ್ಯಾಪಾರ ಎಂದು ನಾನು ಬಾಯಿಬಿಡಲಿಲ್ಲ.

ಕುಣಿಯುವುದೊಂದು ಬಾಕಿ. ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಡತಿಯ ಹತ್ತಿರ ಓಡಿಬಂದೆ. “ಇಲ್ಲಿಯವರಲ್ಲಿ ಲೋಭ ಅಂದ್ರೆ ಪ್ರೀತಿಯಂತೆ ಮಾರಾಯ್ತಿ.”

ಅವಳು ಎದ್ದಳು. ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಆ ಮುಖದ ಹತ್ತಿರ ಬಗ್ಗಿದಳು. ಹಣೆ ನೋಡಿದಳು, ಮೂಗು ನೋಡಿದಳು, ತಿರುಗಿ ನನ್ನನ್ನು ನೋಡಿದಳು.

“ಹಾಗಾದ್ರೆ ಇದು ನಿಮ್ಮದೇ ಹೌದಾ ಅಂತ ಒಮ್ಮೆ ಕೇಳಿ ಬನ್ನಿ,” ಎಂದಳು. “ಅಚ್ಚು ಬದಲಾಗಿರಬಹುದು.”